ಒಂದೇ ಗುಕ್ಕಿಗೆ ಓದಿ ಮುಗಿಸಿದವರು

ನಲವತ್ತಕ್ಕೂ ಹೆಚ್ಚು ಅನಿಸಿಕೆಗಳನ್ನು ನಾನೇ ಕೂತು ಟೈಪು ಮಾಡಿದ್ದೇನೆ. ಅದರಲ್ಲಿ ಮುಕ್ಕಾಲು ಪಾಲು ಜನ ನಮ್ಮ ಯಜಮಾನರ ಪುಸ್ತಕವನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿದ್ದರು. ಇನ್ನೂರು ಚಿಲ್ಲರೆ ಪುಟಗಳನ್ನು ಒಂದೇ ಗುಕ್ಕಿಗೆ ನುಂಗಿದವರಿಗೆ ರುಚಿಯಾದರೂ ಹೇಗೆ ತಿಳಿಯಬೇಕು? ಉಳಿದವರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಥೂ, ಹುಣ್ಣಾಗಿದ್ದು ಯಾರಿಗೆ ಅಂತ ನನಗಲ್ಲವೇ ಗೊತ್ತು.

ಪುಸ್ತಕ ಹಿಮಾಲಯದ ಒಂದು ಮೂಲೆಯ ಬೆಟ್ಟಸೀಮೆಯ ಬಗ್ಗೆ. ಅರ್ಧ ಪ್ರವಾಸ, ಅರ್ಧ ಇತಿಹಾಸ, ಪೂರ್ತಿ ಹಾಸ್ಯ ಎಂದು ಹಿಂದಿನ ರಕ್ಷಾಪುಟದ ಮೇಲೆ ಅಚ್ಚಾಗಿದೆ. ನಾನು ಚಾಮರಾಜಪೇಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವಳು. ನಿವೃತ್ತಿಯಾದ ವರ್ಷ, ಎಲ್ಲಿಗೆ ಹೋಗೋಣ ಎಂದು ಇವರು ಕೇಳಿದಾಗ ಆ ಸೀಮೆಯ ಹೆಸರು ಹೇಳಿದ್ದು ನಾನು. ಉಪ್ಪು ಸಾಗಿಸುವ ಒಂದು ದಾರಿಗಾಗಿ ಮೂರು ತಲೆಮಾರು ಹೊಡೆದಾಡಿದ ಪುಟಾಣಿ ರಾಜರ ಕಥೆಯನ್ನು ಎಲ್ಲೋ ಓದಿ ಇಟ್ಟುಕೊಂಡಿದ್ದೆ. ಇಪ್ಪತ್ತಮೂರು ದಿನ ಅಲೆದೆವು. ನಾನು ಎರಡು ದಪ್ಪ ನೋಟುಪುಸ್ತಕ ತುಂಬಿಸಿದೆ. ಇವರು ವಿಮಾ ಕಚೇರಿಯಲ್ಲಿ ಇದ್ದವರು, ಆಗಾಗ ಪತ್ರಿಕೆಗಳಿಗೆ ನಗೆಬರಹ ಬರೆಯುವವರು. ಮಲ್ಲೇಶ್ವರದ ಮನೆಗೆ ವಾಪಸ್ಸಾದ ಮೇಲೆ ಆ ನೋಟುಪುಸ್ತಕಗಳನ್ನು ಮುಂದೆ ಹರಡಿಕೊಂಡು ಬರೆಯುವುದಕ್ಕೆ ಕೂತರು.

ಇಬ್ಬರ ಹೆಸರೂ ಹಾಕೋಣ ಎಂದು ಮೊದಲು ಹೇಳಿದ್ದು ಅವರೇ, ಸುಳ್ಳು ಯಾಕೆ ಹೇಳಲಿ. ಚಾಮರಾಜಪೇಟೆಯ ಪ್ರಕಾಶಕರು ಒಪ್ಪಲಿಲ್ಲ. "ಎರಡೆರಡು ಹೆಸರು ಹಾಕೋಕೆ ಇದೇನು ಸುಲ್ತಾನ್‌ಪೇಟೆ ಲಗ್ನಪತ್ರಿಕೆನಾ ಸಾರ್? ಹಾಸ್ಯಕ್ಕೆ ನಿಮ್ಮದೊಂದೇ ಹೆಸರು ಸಾಕು, ಓಡುತ್ತೆ," ಎಂದರಂತೆ. ಇವರು ಮನೆಗೆ ಬಂದು ಅದನ್ನೂ ಒಂದು ಜೋಕಿನ ಹಾಗೆ ಹೇಳಿದರು. ನಾನೂ ನಕ್ಕೆ. ಹೆಸರಿನಲ್ಲಿ ಏನಿದೆ ಎಂದುಕೊಂಡೆ. ಅರ್ಪಣೆಯ ಪುಟದಲ್ಲಿ ಮಾತ್ರ ನನಗೊಂದು ಜಾಗ ಸಿಕ್ಕಿತು. ನಗಲು ಬಾರದ ನನ್ನ ಮನೆಯವಳಿಗೆ, ಎಂದು.

ಆ ಪುಸ್ತಕದಲ್ಲಿ ಓದುಗರಿಗೆ ಅತಿ ಹೆಚ್ಚು ಹಿಡಿಸಿದ್ದು ಚಪ್ಪಲಿ ಪ್ರಸಂಗ. ಅದು ಪುಸ್ತಕದಲ್ಲಿ ಇರುವುದು ಹೀಗೆ: ಲೇಖಕರು ಬೆಟ್ಟದ ನೆತ್ತಿಯ ಹಳ್ಳಿಯೊಂದರಲ್ಲಿ ಹಿಮಶಿಖರಗಳನ್ನು ನೋಡುತ್ತಾ ಮೈಮರೆತು ನಿಂತಿದ್ದಾರೆ. ಅಷ್ಟರಲ್ಲಿ ಅವರ ಧರ್ಮಪತ್ನಿಯ ಚಪ್ಪಲಿ ಕಿತ್ತು ಕಮರಿಗೆ ಬೀಳುತ್ತದೆ. ಆಕೆಗೆ ಹಿಮಾಲಯ ಬೇಡ, ರಾಜರು ಬೇಡ, ದೇವರೂ ಬೇಡ. ಸಂಪಿಗೆ ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಚಪ್ಪಲಿಗಾಗಿ ದಾರಿಯುದ್ದಕ್ಕೂ ಗೋಳೋ ಎಂದು ಅಳುತ್ತಾಳೆ. ಆರು ಪುಟ ಇದೇ. ಬರೆದ ಕೈಯೇನೋ ಚುರುಕಾದದ್ದು, ನಗು ಬರುತ್ತದೆ. ಮೊದಲ ಸಲ ಓದಿದಾಗ ನನಗೇ ನಗು ಬಂದಿತ್ತು ಎಂದು ನೆನೆಸಿಕೊಂಡರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನಡೆದದ್ದು ಬೇರೆ. ಆ ಹಳ್ಳಿಯ ಮೇಲಿನ ದಿಣ್ಣೆಯಲ್ಲಿ ಒಂದು ಪಾಳುಗುಡಿ, ಗುಡಿಯ ಹಿಂದೆ ಬಂಡೆಗೆ ಆತುಕೊಂಡ ಹಾಗೆ ನಾಗರಿ ಲಿಪಿಯ ಒಂದು ಸಂಸ್ಕೃತ ಶಾಸನದ ಕಲ್ಲು. ಕಲ್ಲಿಗೂ ಬಂಡೆಗೂ ನಡುವೆ ಒಬ್ಬರು ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗುವಷ್ಟು ಮಾತ್ರ ಜಾಗ. ಇವರಿಗೆ ಮಂಡಿನೋವು, ಕೆಳಗೆ ಚಹಾದಂಗಡಿಯಲ್ಲಿ ಕೂತರು. ನಾನು ಒಬ್ಬಳೇ ಹತ್ತಿದೆ. ತೆವಳಿಕೊಂಡು ಹೋಗಿ, ಕಲ್ಲಿನ ಮೇಲೆ ಕಾಗದ ಹಾಸಿ, ಇದ್ದಿಲು ಉಜ್ಜಿ ಅಕ್ಷರಗಳ ಅಚ್ಚು ತೆಗೆದೆ. ಮೂರು ಗಂಟೆ ಹಿಡಿಯಿತು. ಇಳಿಯುವಾಗ ಚಪ್ಪಲಿ ಕಿತ್ತುಹೋಯಿತು. ಚೂಪು ಕಲ್ಲಿನ ದಾರಿ, ಬರಿಗಾಲು, ಬಿಸಿಲಿನಲ್ಲೂ ಕೊರೆಯುವ ಚಳಿ. ಅಂಗಾಲು ಎರಡೂ ಸೀಳಿ ರಕ್ತ ಬರುತ್ತಿತ್ತು. ನಾನು ಅತ್ತದ್ದು ನಿಜ. ನೋವಿಗೆ ಸ್ವಲ್ಪ, ಸಂತೋಷಕ್ಕೆ ಜಾಸ್ತಿ. ಉಪ್ಪಿನ ದಾರಿಯ ರಾಜರಲ್ಲಿ ಮೂರನೆಯವನು ಯಾರ ಮಗ ಎನ್ನುವುದು ಆ ಕಲ್ಲಿನಲ್ಲಿ ಸ್ಪಷ್ಟವಾಗಿ ಇತ್ತು. ಪುಸ್ತಕದ ನಾಲ್ಕನೇ ಅಧ್ಯಾಯ ಪೂರ್ತಿ ನಿಂತಿರುವುದು ಆ ಕಲ್ಲಿನ ಮೇಲೆ. ಅದರಲ್ಲಿ ಇವರು ನನ್ನ ಒಂದೊಂದು ವಾಕ್ಯವನ್ನೂ ಇದ್ದ ಹಾಗೇ ಇಟ್ಟು, ಮಧ್ಯೆ ಮಧ್ಯೆ ಒಗ್ಗರಣೆ ಹಾಕಿದ್ದರು ಅಷ್ಟೆ.

ಬಿಡುಗಡೆಯಾದ ಮೂರು ತಿಂಗಳಿಗೆ ಬಸವನಗುಡಿಯ ಒಂದು ಸಭಾಂಗಣದಲ್ಲಿ ಹಾಸ್ಯಪ್ರಿಯರ ಕೂಟವೊಂದು ಇವರಿಗೆ ಸನ್ಮಾನ ಇಟ್ಟುಕೊಂಡಿತು. ಶಾಲು, ಹಾರ, ಪೇಟ ಎಲ್ಲ ಆದ ಮೇಲೆ ನಿರೂಪಣೆ ಮಾಡುತ್ತಿದ್ದಾತ ಮೈಕು ಹಿಡಿದು, "ಈಗ ಪುಸ್ತಕದ ನಾಯಕಿ ವೇದಿಕೆಗೆ ಬರ್ಬೇಕು!" ಎಂದ. ಹೋದೆ. ಇಬ್ಬರು ಹೆಂಗಸರು ಒಂದು ಬೆಳ್ಳಿತಟ್ಟೆ ಹಿಡಿದುಕೊಂಡು ಬಂದರು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು, ತೆಂಗಿನಕಾಯಿ. ಪಕ್ಕದಲ್ಲಿ, ಅದೇ ತಟ್ಟೆಯಲ್ಲಿ, ಒಂದು ಜೊತೆ ಹೊಸ ಚಪ್ಪಲಿ.

ಶಿವನೇ! ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಬರುವ ಮನೆತನದವರು ಅವರೆಲ್ಲ. ಕುಂಕುಮದ ಭರಣಿಗೆ ಚಪ್ಪಲಿಯ ಉಂಗುಷ್ಠ ತಾಗುತ್ತಿದೆ, ಒಬ್ಬರಿಗಾದರೂ ಮೈ ಜುಮ್ಮೆನ್ನಬೇಡವೇ? ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತ ಮುತ್ತೈದೆಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ನಾನು ಯಜಮಾನರ ಮುಖ ನೋಡಿದೆ. ಅವರು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಾನೂ ಹಲ್ಲು ಕಿರಿದು, ಎರಡೂ ಕೈ ಒಡ್ಡಿ, ಆ ತಟ್ಟೆ ತೆಗೆದುಕೊಂಡೆ. ಫೋಟೋ ತೆಗೆದರು. ಮನೆಗೆ ಬಂದು ಆ ಎಲೆ, ಹಣ್ಣು, ಕಾಯಿ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿದೆ. ದೇವರ ಮುಂದೆ ಇಡಲು ಕೈ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಎಲೆ ಅಡಿಕೆಯ ಜೊತೆಯಲ್ಲೇ ಹೋಯಿತು.

"ತಮಾಷೆಗೆ ಕಣೆ. ನಿನಗೆ ಎಲ್ಲಾನೂ ಸೀರಿಯಸ್ಸೇ," ಎಂದರು ಇವರು.

ಮೊದಲ ಮುದ್ರಣ ಬೇಗ ಖಾಲಿಯಾಯಿತು. ನಮ್ಮ ಪುಸ್ತಕಲೋಕದಲ್ಲಿ ಒಂದು ಪದ್ಧತಿ ಇದೆ. ಎರಡನೇ ಮುದ್ರಣದ ಕೊನೆಗೆ 'ಓದುಗರ ಅನಿಸಿಕೆಗಳು' ಎಂದು ಒಂದಿಷ್ಟು ಪುಟ ಸೇರಿಸುತ್ತಾರೆ. ಅನಿಸಿಕೆಗಳು ತಾವಾಗಿಯೇ ಬರುತ್ತವೆ ಎಂದು ಯಾರೂ ತಿಳಿಯಬಾರದು. ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರಿಗೆ ಗೌರವಪ್ರತಿ ಕೊಟ್ಟು, "ಒಂದು ನಾಲ್ಕು ಲೈನ್ ಬರ್ದುಕೊಡಿ" ಎಂದು ವಾರಕ್ಕೊಮ್ಮೆ ನೆನಪಿಸಬೇಕು. ನಾಲ್ಕನೇ ವಾರಕ್ಕೆ, ಕಾಟ ತಪ್ಪಲಿ ಎಂದು ಬರೆದು ಕೊಡುತ್ತಾರೆ. ಕೆಲವರು ವಾಟ್ಸಾಪಿನಲ್ಲಿ, ಕೆಲವರು ಚೀಟಿಯಲ್ಲಿ. ಇವರಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ದಿನಾ ಮಧ್ಯಾಹ್ನ ಊಟವಾದ ಮೇಲೆ ಕೂತು ಟೈಪು ಮಾಡುತ್ತಿದ್ದೆ. ಅದೊಂದು ಶಿಕ್ಷೆ. 'ತಮ್ಮ ಶ್ರೀಮತಿಯವರ ಚಪ್ಪಲಿ ಪುರಾಣ ಓದಿ ನನ್ನ ಶ್ರೀಮತಿಗೂ ಓದಿಸಿದೆ, ಆಕೆ ಎರಡು ದಿನ ಮಾತಾಡಲಿಲ್ಲ' ಎಂದು ಒಬ್ಬರು. 'ಹೆಂಡತಿಯನ್ನು ಕಟ್ಟಿಕೊಂಡು ಹಿಮಾಲಯ ಹತ್ತಿದ ತಮ್ಮ ಸಹನೆಗೆ ಶರಣು' ಎಂದು ಇನ್ನೊಬ್ಬರು. ಒಬ್ಬರಂತೂ ಒಂಟೆ ಸವಾರಿಯ ಪ್ರಸಂಗ ಅದ್ಭುತವಾಗಿದೆ ಎಂದು ಬರೆದಿದ್ದರು. ಆ ಬೆಟ್ಟದಲ್ಲಿ ಒಂಟೆ ಎಲ್ಲಿಂದ ಬರಬೇಕು? ಪುಸ್ತಕದಲ್ಲಿ ಇರುವುದು ಹೇಸರಗತ್ತೆ. ನಾನು 'ಒಂಟೆ' ಹೊಡೆದುಹಾಕಿ 'ಹೇಸರಗತ್ತೆ' ಎಂದು ತಿದ್ದಿದೆ, ಕಾಗುಣಿತವನ್ನೂ ಸರಿಮಾಡಿದೆ. ನನ್ನನ್ನೇ ಬೈದ ಪತ್ರಗಳ ಕಾಗುಣಿತ ತಿದ್ದುತ್ತಾ ಕೂತಿದ್ದೆನಲ್ಲ, ಮೇಷ್ಟ್ರ ಚಾಳಿ, ಏನು ಹೇಳುವುದು. ಮೂರನೇ ರಾಜ ಯಾರ ಮಗ ಎನ್ನುವುದು ಒಬ್ಬರಿಗೂ ಬೇಕಾಗಿರಲಿಲ್ಲ.

ಕೊನೆಗೊಂದು ಇನ್‌ಲ್ಯಾಂಡ್ ಪತ್ರ ಬಂತು. ಮತ್ತಿಕೆರೆಯಿಂದ. ಬರೆದವರು ಒಬ್ಬ ವಯಸ್ಸಾದ ಹೆಂಗಸು, ಯಾವ ಗೌರವಪ್ರತಿಯನ್ನೂ ಪಡೆಯದೆ ಪುಸ್ತಕ ಕೊಂಡು ಓದಿದವರು. ಅಕ್ಷರ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. ಅವರು ಬರೆದದ್ದು ಇಷ್ಟೇ: 'ನಾಲ್ಕನೇ ಅಧ್ಯಾಯದಲ್ಲಿ ನೀವು ಶಾಸನವನ್ನು ಓದಲು ಹೊಟ್ಟೆಯ ಮೇಲೆ ತೆವಳಬೇಕು ಎಂದಿದ್ದೀರಿ. ಐದನೇ ಅಧ್ಯಾಯದಲ್ಲಿ ಅದೇ ದಿನ, ಅದೇ ಹಳ್ಳಿಯಲ್ಲಿ, ಮೂರು ಗಂಟೆ ಚಹಾದಂಗಡಿಯಲ್ಲಿ ಕೂತಿದ್ದೆ ಎಂದಿದ್ದೀರಿ. ಅಲ್ಲಿಗೆ ಹತ್ತಿ ಹೋದವರು ಯಾರು? ಚಪ್ಪಲಿ ಕಳೆದುಕೊಂಡವರೇ ಇರಬೇಕು ಎಂದು ನನ್ನ ಊಹೆ. ಹಾಗಿದ್ದರೆ ನಗುವಂಥದ್ದು ಏನಿದೆ?' ಕೆಳಗೆ ಫೋನ್ ನಂಬರು ಇತ್ತು.

ನಾನು ಪತ್ರವನ್ನು ನಾಲ್ಕು ಸಲ ಓದಿದೆ. ಇವರ ಕೈಗೆ ಕೊಟ್ಟೆ. ಓದಿ, ಮಡಚಿ, ಟೀಪಾಯಿಯ ಮೇಲಿನ ಪೇಪರಿನ ಕೆಳಗೆ ಇಟ್ಟರು.

"ಇದು ಬೇಡ, ಬಿಟ್ಬಿಡು. ಯಾರೋ ಕೆಲಸ ಇಲ್ದೋರು."

"ಓದಿರೋದು ಇವರೊಬ್ಬರೇ ಕಣ್ರೀ."

"ಅದೇ ಹೇಳಿದ್ದು, ಕೆಲಸ ಇಲ್ದೋರು ಅಂತ," ಎಂದು ನಕ್ಕು ಸ್ನಾನಕ್ಕೆ ಹೋದರು.

ಬಚ್ಚಲಲ್ಲಿ ನೀರಿನ ಸದ್ದು ಶುರುವಾದದ್ದೇ ತಡ, ನಾನು ಆ ನಂಬರಿಗೆ ಫೋನ್ ಮಾಡಿದೆ. ಪುಸ್ತಕದವರ ಮನೆಯಿಂದ ಮಾತಾಡುತ್ತಿದ್ದೇನೆ ಎಂದೆ. ಆಕೆ ಕೇಳಿದರು: "ನೀವೇ ಅಲ್ವಾ ಮೇಲಕ್ಕೆ ಹತ್ತಿದ್ದು? ಕಾಲು ವಾಸಿ ಆಯ್ತೇನಮ್ಮ?"

ಆ ಪ್ರವಾಸದಿಂದ ಬಂದು ಎಷ್ಟು ವರ್ಷವಾಗಿತ್ತು! ಆ ಕಾಲಿನ ಬಗ್ಗೆ ಅಷ್ಟು ಜನ ನಕ್ಕಿದ್ದರು, ತಟ್ಟೆಯಲ್ಲಿ ಚಪ್ಪಲಿ ಕೊಟ್ಟಿದ್ದರು. ವಾಸಿಯಾಯಿತೇ ಎಂದು ಕೇಳಿದವರು ಒಬ್ಬರೂ ಇರಲಿಲ್ಲ, ಜೊತೆಯಲ್ಲಿದ್ದವರೂ ಸೇರಿ. "ಆಯ್ತಮ್ಮ, ಆಯ್ತು," ಎಂದೆ. ಮುಂದೆ ಏನು ಮಾತಾಡಿದೆನೋ ನೆನಪಿಲ್ಲ, ಅತ್ತದ್ದು ಮಾತ್ರ ನೆನಪಿದೆ.

ಇವರು ತಲೆ ಒರೆಸಿಕೊಂಡು ಹೊರಗೆ ಬಂದಾಗ ಆ ಪತ್ರ ನನ್ನ ಕೈಯಲ್ಲಿತ್ತು.

"ಇದರಲ್ಲಿ ಬರೆದಿರೋದು ನಿಜಾನೋ ಸುಳ್ಳೋ? ಅಷ್ಟು ಹೇಳಿ ಸಾಕು," ಎಂದೆ.

ಅವರು ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಸುಳ್ಳು ಹೇಳಲಿಲ್ಲ, ಆ ಮಟ್ಟಿಗೆ ಒಳ್ಳೆಯವರೇ. "ನಿಜಾನೇ. ಯಾರಿಲ್ಲ ಅಂದ್ರು? ಆದ್ರೆ ಇದನ್ನ ಹಾಕಿದ್ರೆ ಚಪ್ಪಲಿ ಪ್ರಸಂಗಕ್ಕೆ ಯಾರೂ ನಗಲ್ಲ ಕಣೆ. ಇಡೀ ಪುಸ್ತಕ ಬಿದ್ದೋಗುತ್ತೆ."

ಅಂದರೆ ಗೊತ್ತಿತ್ತು. ಇಷ್ಟು ದಿನ ಮರೆತಿರಬೇಕು ಎಂದುಕೊಂಡಿದ್ದೆ. ಬರೆಯುವವರಿಗೆ ಮರೆವು ಸಹಜ, ಕಥೆ ಹೇಳುತ್ತಾ ಹೇಳುತ್ತಾ ತಾವೇ ನಂಬಿಬಿಡುತ್ತಾರೆ ಎಂದು ಅವರ ಪರವಾಗಿ ನಾನೇ ವಾದ ಮಾಡಿಕೊಂಡಿದ್ದೆ. ಮರೆತಿರಲಿಲ್ಲ. ನನ್ನ ರಕ್ತ ಒರೆಸಿ, ಆ ಜಾಗದಲ್ಲಿ ನಗು ಬರೆದಿದ್ದರು.

"ಸರಿ, ಎರಡರಲ್ಲಿ ಒಂದು ಮಾಡಿ," ಎಂದೆ. "ಈ ಪತ್ರ ಅನಿಸಿಕೆಗಳ ಜೊತೆ ಹಾಕಿ. ಇಲ್ದಿದ್ರೆ ನಾಲ್ಕನೇ ಅಧ್ಯಾಯ ನಂದು, ಅದನ್ನ ನನಗೆ ವಾಪಸ್ ಕೊಡಿ."

"ಚಿಕ್ಕ ಮಕ್ಕಳ ಥರ ಆಡ್ಬೇಡ್ವೇ."

"ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಹೇಳಿ ಹಾಗಾಗಿದೀನಿ. ಯೋಚನೆ ಮಾಡಿ ಹೇಳಿ."

ಪತ್ರವನ್ನೇ ಹಾಕುತ್ತಾರೆ ಎಂದು ನನಗೆ ಒಳಗೊಳಗೇ ಖಾತ್ರಿ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ನಾಲ್ಕನೇ ಅಧ್ಯಾಯ ತೆಗೆದರೆ ಆ ಪುಸ್ತಕದಲ್ಲಿ ಇತಿಹಾಸ ಎನ್ನುವುದು ಏನು ಉಳಿಯುತ್ತದೆ? ಮಿಕ್ಕದ್ದು ಬಸ್ಸು, ಬೋಂಡಾ, ಹೇಸರಗತ್ತೆ, ಹೆಂಡತಿ. ಒಬ್ಬರು ಬರೆದ ಎಂಟು ಸಾಲಿಗೆ ಹೆದರಿ ಯಾರಾದರೂ ಪುಸ್ತಕದ ಬೆನ್ನುಮೂಳೆ ಕೀಳುತ್ತಾರೆಯೇ? ಮೂರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪ್ರಕಾಶಕರಿಗೆ ಫೋನ್ ಹಚ್ಚಿದರು. ಸ್ಪೀಕರ್ ಹಾಕಿದ್ದರು, ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ.

"ನಾಲ್ಕನೇ ಚಾಪ್ಟರ್ ಸ್ವಲ್ಪ ಹೆವಿ ಆಯ್ತು ಅನ್ಸುತ್ತೆ. ತೆಗೆದ್ಬಿಟ್ರೆ ಹೇಗೆ?" ಎಂದರು ಇವರು.

"ನಾನೇ ಹೇಳ್ಬೇಕು ಅಂತಿದ್ದೆ ಸಾರ್!" ಎಂದಿತು ಆ ಕಡೆಯ ಧ್ವನಿ. "ಆ ರಾಜರು ಗೀಜರು ಯಾರಿಗೆ ಬೇಕು? ತೆಗೆದಾಕಿ. ಪುಟ ಖಾಲಿ ಬಿಡೋದು ಬೇಡ, ಅನಿಸಿಕೆಗಳನ್ನೇ ಇನ್ನೊಂದಷ್ಟು ಹಾಕೋಣ."

ಇವರು, "ಹ್ಞೂ, ಹಾಗೇ ಮಾಡಿ," ಎಂದರು. ನಾನು ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬೆರಳು ಕೊಯ್ದುಕೊಳ್ಳಲೂ ಇಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವತ್ತಿನಷ್ಟು ಅಸಹ್ಯ ನನಗೆ ಯಾವತ್ತೂ ಆಗಿರಲಿಲ್ಲ. ಪ್ರಕಾಶಕರ ಮೇಲಲ್ಲ, ಆತ ವ್ಯಾಪಾರಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದು ಇಷ್ಟು ಸಲೀಸಾಗಿ ಕಾಫಿ ಹೀರುತ್ತಾ ಹೇಳಿಬಿಟ್ಟರಲ್ಲ, ಅವರ ಮೇಲೆ. ಕೇಳಿದ್ದು ನಾನೇ, ಕೊಟ್ಟರು. ಕೇಳಿದ್ದನ್ನು ಕೊಟ್ಟವರ ಮೇಲೆ ಜಗಳ ಹೂಡುವುದಾದರೂ ಹೇಗೆ?

ಅನಿಸಿಕೆಗಳ ಟೈಪಿಂಗನ್ನು ಅವತ್ತಿಗೇ ನಿಲ್ಲಿಸಿದೆ. ಉಳಿದದ್ದನ್ನು ದುಡ್ಡು ಕೊಟ್ಟು ಮಾಡಿಸಿಕೊಂಡರು. ನಾನು ನನ್ನ ಎರಡು ನೋಟುಪುಸ್ತಕಗಳನ್ನೂ ಇದ್ದಿಲಿನ ಅಚ್ಚನ್ನೂ ಜೆರಾಕ್ಸ್ ಮಾಡಿಸಿಕೊಂಡು ಮತ್ತಿಕೆರೆಗೆ ಹೋದೆ. ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟ ರೂಮುಗಳ ಮೇಲಿನ ಒಂದು ಚಿಕ್ಕ ಮನೆ. ಆಕೆ ಬಾಗಿಲು ತೆರೆದು, ಮುಖ ನೋಡುವ ಮೊದಲು ನನ್ನ ಕಾಲು ನೋಡಿದರು. ಸಂಸ್ಕೃತ ಕಲಿಸಿ ನಿವೃತ್ತರಾದವರಂತೆ, ಭೂತಗನ್ನಡಿ ಹಿಡಿದು ಮೂರು ವಾರ ಓದಿದರು. ಆಮೇಲೆ ಫೋನ್ ಮಾಡಿ, "ನೀವು ಎರಡು ಕಡೆ ತಪ್ಪು ಓದಿದೀರಿ ಕಣಮ್ಮ. ಏಳನೇ ಸಾಲಿನಲ್ಲಿ ಇರೋದು ಮಗ ಅಲ್ಲ, ಅಳಿಯ ಅನ್ಸುತ್ತೆ. ಇನ್ನೊಂದ್ಸಲ ನೋಡಿ," ಎಂದರು. ನೋಡಿದೆ. ಅವರು ಹೇಳಿದ್ದೇ ಸರಿ. ಆ ಬೆಟ್ಟದ ಬಗ್ಗೆ ನನಗೆ ಸಿಕ್ಕ ಅನಿಸಿಕೆ ಅದೊಂದೇ. ಅವತ್ತು ರಾತ್ರಿಯ ಊಟ ರುಚಿಸಿತು.

ಎರಡನೇ ಮುದ್ರಣ ಹೊರಬಂತು. ರಾಜರಿಲ್ಲ, ಉಪ್ಪಿನ ದಾರಿಯಿಲ್ಲ, ಕಲ್ಲಿಲ್ಲ. ಕೊನೆಯಲ್ಲಿ ದಪ್ಪಗೆ ಅನಿಸಿಕೆಗಳು. ಹಿಂದಿನ ರಕ್ಷಾಪುಟದ ಮೇಲೆ ಮಾತ್ರ 'ಅರ್ಧ ಇತಿಹಾಸ' ಎನ್ನುವುದು ಹಾಗೇ ಉಳಿದಿತ್ತು, ತೆಗೆಯಲು ಯಾರಿಗೂ ಹೊಳೆದಿರಲಿಲ್ಲ. ಮತ್ತೆ ಗೌರವಪ್ರತಿಗಳು ಹೋದವು, ಮತ್ತೆ ಪತ್ರಗಳು ಬಂದವು. ಒಂದು ಅಧ್ಯಾಯ ಎಲ್ಲಿ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ. ಇವರು ಒಂದೆರಡು ವಾರ ಅಳುಕಿನಿಂದಲೇ ಲಕೋಟೆ ಒಡೆಯುತ್ತಿದ್ದರು, ಆಮೇಲೆ ಧೈರ್ಯ ಬಂತು. ಮೊದಲಿನ ಹಾಗೆ ನನಗೆ ಕೇಳಿಸಲೆಂದು ಜೋರಾಗಿ ಓದತೊಡಗಿದರು.

ಹೋದ ತಿಂಗಳು ಒಂದು ಸಂಜೆ ಹಾಗೇ ಓದುತ್ತಿದ್ದರು. ಎರಡನೇ ಮುದ್ರಣದ ಗೌರವಪ್ರತಿ ಪಡೆದ ನಿವೃತ್ತ ಪ್ರಾಧ್ಯಾಪಕರೊಬ್ಬರ ಪತ್ರ, ಒಳ್ಳೆಯ ಕಾಗದ, ಒಳ್ಳೆಯ ಅಕ್ಷರ. "ತಮ್ಮ ಹಾಸ್ಯ ಎಲ್ಲರಿಗೂ ಗೊತ್ತಿರುವುದೇ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಇತಿಹಾಸದ ಭಾಗ. ಆ ಸೀಮೆಯ ರಾಜವಂಶಗಳ ಬಗ್ಗೆ ತಾವು ಇಲ್ಲಿ ಮಾಡಿರುವ ಆಳವಾದ..." ಎಂದು ಓದಿ ನಿಲ್ಲಿಸಿಬಿಟ್ಟರು.

"ಯಾಕೆ ನಿಲ್ಸಿದ್ರಿ? ಓದಿ," ಎಂದೆ.

ಅವರು ಕಾಗದವನ್ನು ತಿರುಗಿಸಿ ಹಿಂದುಮುಂದು ನೋಡಿದರು. ಕಿವಿ ಕೆಂಪಗಾಗಿತ್ತು. "ಈಯಪ್ಪ ಪುಸ್ತಕ ತೆಗೆದೇ ಇಲ್ಲ," ಎಂದರು, ತಮಗೇ ಹೇಳಿಕೊಳ್ಳುವ ಹಾಗೆ. ಕಾಗದ ಮಡಚುತ್ತಾ, "ಇದನ್ನ ಸೇರಿಸೋದು ಬೇಡ," ಎಂದರು.

ನಾನು ಎದ್ದು ಹೋಗಿ ಅವರ ಕೈಯಿಂದ ಆ ಪತ್ರ ತೆಗೆದುಕೊಂಡೆ. ಮೇಜಿನ ಮುಂದೆ ಕೂತು, ಎಷ್ಟೋ ತಿಂಗಳ ಮೇಲೆ ಮತ್ತೆ ಟೈಪು ಮಾಡಿದೆ. ಈ ಸಲ ಒಂದಕ್ಷರವನ್ನೂ ತಿದ್ದಲಿಲ್ಲ. ಮುಗಿಸಿ, ಪ್ರಿಂಟು ತೆಗೆದು, ಅವರ ಮುಂದೆ ಇಟ್ಟೆ.

"ಮೂರನೇ ಮುದ್ರಣಕ್ಕೆ ಮೊದಲ್ನೇ ಅನಿಸಿಕೆ ಇದೇ ಇರ್ಲಿ," ಎಂದೆ.

ಯಜಮಾನರು ನಗಲಿಲ್ಲ.